ಬೆಕ್ಕಿನ ಕಾಮಾಲೆಗೆ ಪಥ್ಯವಿಲ್ಲ: ಯಕೃತ್ತಿನ ಕಾಯಿಲೆಯನ್ನು ಗುರುತಿಸುವ ಮತ್ತು ಆರೈಕೆ ಮಾಡುವ ಬಗೆ

ಮನುಷ್ಯರಿಗೆ ಕಾಮಾಲೆಯಾದರೆ ನಮ್ಮ ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯ ಮನೆಗಳಲ್ಲಿ ಮೊದಲು ಶುರುವಾಗುವುದು ಪಥ್ಯ. ಎಣ್ಣೆ ನಿಲ್ಲುತ್ತದೆ, ಮಾಂಸ ನಿಲ್ಲುತ್ತದೆ, ಗಂಜಿ ಮಜ್ಜಿಗೆ ಬರುತ್ತವೆ, ಜೊತೆಗೆ ಯಾವುದೋ ಹಳ್ಳಿಯಲ್ಲಿ ಬೆಳಗಿನ ಜಾವ ಬರಿಹೊಟ್ಟೆಗೆ ಕೊಡುವ ‘ಕಾಮಣಿ ಔಷಧ’ ತರಲು ಮನೆಯವರೊಬ್ಬರು ಬಸ್ಸು ಹತ್ತುತ್ತಾರೆ. ಇದರಿಂದ ಮನುಷ್ಯರಿಗೆ ಎಷ್ಟು ಹಿತ, ಎಷ್ಟು ಅಹಿತ ಎಂಬುದು ಈ ಬರಹದ ವಿಷಯವಲ್ಲ. ಆದರೆ ಇದೇ ಕ್ರಮವನ್ನು ಕಾಯಿಲೆ ಬಿದ್ದ ಬೆಕ್ಕಿಗೆ ಅನುಸರಿಸಿದರೆ ಅದನ್ನು ಕೈಯಾರೆ ಸಾವಿನ ಕಡೆಗೆ ನೂಕಿದಂತಾಗುತ್ತದೆ. ಏಕೆಂದರೆ ಬೆಕ್ಕುಗಳಲ್ಲಿ ಮೇಲಿಂದ ಮೇಲೆ ಕಾಣುವ ಯಕೃತ್ತಿನ ಕಾಯಿಲೆಯೊಂದಕ್ಕೆ ಉಪವಾಸವೇ ಕಾರಣ, ಮಾಂಸಾಹಾರವೇ ಮುಖ್ಯ ಚಿಕಿತ್ಸೆ.

ಇದನ್ನು ನಾನು ಕಲಿತದ್ದು ನಮ್ಮ ಮನೆಯ ಸಣ್ಣಿಯಿಂದ. ಹೆಸರು ಸಣ್ಣಿಯಾದರೂ ತೂಕ 5.5 ಕಿಲೋ ಇತ್ತು. ಜನವರಿಯಲ್ಲಿ ಗವಿಸಿದ್ಧೇಶ್ವರ ಜಾತ್ರೆಗೆ ಬಂದ ನೆಂಟರಿಂದ ಮನೆ ತುಂಬಿದಾಗ ಅದು ಅಟ್ಟ ಸೇರಿತು. ತಟ್ಟೆಗೆ ಹಾಕಿದ್ದು ಖಾಲಿಯಾಗುತ್ತಿದ್ದುದರಿಂದ ಅದು ರಾತ್ರಿ ಇಳಿದು ತಿನ್ನುತ್ತಿದೆಯೆಂದೇ ಎಲ್ಲರೂ ತಿಳಿದೆವು. ನಿಜವಾಗಿ ಖಾಲಿ ಮಾಡುತ್ತಿದ್ದುದು ಓಣಿಯ ಇನ್ನೊಂದು ಬೆಕ್ಕು. ಐದನೆಯ ದಿನ ಕೆಳಗಿಳಿದ ಸಣ್ಣಿ ನೀರಿನ ಬಟ್ಟಲಿನ ಮುಂದೆ ಹೋಗಿ ಕುಳಿತಿತು, ಆದರೆ ಕುಡಿಯಲಿಲ್ಲ. ಗದ್ದದಿಂದ ಜೊಲ್ಲು ತೊಟ್ಟಿಕ್ಕುತ್ತಿತ್ತು. ಅಜೀರ್ಣವಿರಬೇಕೆಂದು ನಾನು ಎರಡು ದಿನ ಗಂಜಿ ಕುಡಿಸಿದೆ. ಏಳನೆಯ ದಿನ ಬೆಳಿಗ್ಗೆ ಅಂಗಳದ ಬಿಸಿಲಿನಲ್ಲಿ ಅದರ ಕಿವಿಯ ಒಳಭಾಗ ಹಳದಿಯಾಗಿರುವುದು ಕಂಡಿತು. ಆ ಎರಡು ದಿನದ ಗಂಜಿ ನನ್ನದೇ ತಪ್ಪು, ಬೇರೆ ಯಾರದೂ ಅಲ್ಲ.

ಹಸಿವು ಯಕೃತ್ತನ್ನು ಕೆಡಿಸುವ ರೀತಿ

ಬೆಕ್ಕು ಮಾಂಸವನ್ನೇ ನಂಬಿ ಬದುಕುವ ಪ್ರಾಣಿ. ಅದರ ಯಕೃತ್ತು ಪ್ರೋಟೀನನ್ನು ಒಡೆದು ಸಕ್ಕರೆಯಾಗಿ ಮಾರ್ಪಡಿಸುವ ಕೆಲಸವನ್ನು ಹಗಲೂ ರಾತ್ರಿಯೂ ನಡೆಸುತ್ತಿರುತ್ತದೆ. ಆಹಾರ ಬರದ ದಿನವೂ ಆ ಕೆಲಸವನ್ನು ನಾಯಿಯ ಅಥವಾ ಮನುಷ್ಯರ ಯಕೃತ್ತಿನಷ್ಟು ತಗ್ಗಿಸಿಕೊಳ್ಳಲು ಅದಕ್ಕೆ ಬರುವುದಿಲ್ಲ. ತಿನ್ನುವುದು ನಿಂತಾಗ ದೇಹವು ಶೇಖರಿಸಿಟ್ಟ ಕೊಬ್ಬನ್ನು ಕರಗಿಸಿ ಯಕೃತ್ತಿಗೆ ಕಳುಹಿಸುತ್ತದೆ. ಆ ಕೊಬ್ಬನ್ನು ಬಳಸಿಕೊಳ್ಳಲು ಮತ್ತು ಹೊರಕ್ಕೆ ಸಾಗಿಸಲು ಬೇಕಾದ ಪ್ರೋಟೀನ್ ಇಲ್ಲದ ಕಾರಣ ಅದು ಯಕೃತ್ತಿನ ಕೋಶಗಳಲ್ಲೇ ತುಂಬಿಕೊಳ್ಳುತ್ತದೆ, ಪಿತ್ತರಸ ಹರಿಯುವ ದಾರಿ ಇಕ್ಕಟ್ಟಾಗುತ್ತದೆ, ರಕ್ತದಲ್ಲಿ ಬಿಲಿರುಬಿನ್ ಎಂಬ ಹಳದಿ ವಸ್ತು ಏರುತ್ತದೆ. ವೈದ್ಯರು ಇದನ್ನು ಹೆಪಾಟಿಕ್ ಲಿಪಿಡೋಸಿಸ್ ಎನ್ನುತ್ತಾರೆ. ಕಾಯಿಲೆ ಬೆಳೆದಂತೆ ಬೆಕ್ಕಿಗೆ ಓಕರಿಕೆ ಹೆಚ್ಚಿ ಆಹಾರ ಕಂಡರೆ ಮುಖ ತಿರುಗಿಸುತ್ತದೆ. ತಿನ್ನದಿದ್ದಷ್ಟೂ ಕಾಯಿಲೆ ಏರುತ್ತದೆ, ಏರಿದಷ್ಟೂ ಅದು ತಿನ್ನುವುದಿಲ್ಲ. ದಪ್ಪ ಬೆಕ್ಕಿನಲ್ಲಿ ಇದು ಎರಡರಿಂದ ಏಳು ದಿನಗಳ ಉಪವಾಸದಲ್ಲಿ ಶುರುವಾಗಬಲ್ಲದು. ದೊಡ್ಡ ಬೆಕ್ಕು ಒಂದು ದಿನ ಪೂರ್ತಿ ಏನನ್ನೂ ತಿನ್ನದಿದ್ದರೆ ವೈದ್ಯರಿಗೆ ಫೋನ್ ಮಾಡಬೇಕು, ಎರಡನೆಯ ದಿನ ಒಯ್ದು ತೋರಿಸಲೇಬೇಕು ಎಂಬ ಲೆಕ್ಕವನ್ನು ನಾನು ಈಗ ಇಟ್ಟುಕೊಂಡಿದ್ದೇನೆ. ಮರಿಗಳ ವಿಷಯದಲ್ಲಿ ಅರ್ಧ ದಿನವೂ ಹೆಚ್ಚು.

ಹಾಲು ಅನ್ನ, ಹಾಲಿನಲ್ಲಿ ಮುರಿದ ಜೋಳದ ರೊಟ್ಟಿ ತಿಂದು ಬೆಳೆದ ಬೆಕ್ಕುಗಳು ನಮ್ಮಲ್ಲಿ ಬೇಕಾದಷ್ಟಿವೆ, ಅವು ಚೆನ್ನಾಗಿಯೇ ಇವೆಯಲ್ಲ ಎಂದು ಕೇಳುವವರಿದ್ದಾರೆ. ಅವುಗಳಲ್ಲಿ ಬಹುಪಾಲು ಬೆಕ್ಕುಗಳು ಉಳಿದ ಊಟವನ್ನು ಇಲಿ, ಹಕ್ಕಿ, ಹಲ್ಲಿಗಳಿಂದ ಪೂರೈಸಿಕೊಳ್ಳುತ್ತವೆ. ಗಂಗಾವತಿಯ ಅಕ್ಕಿ ಗಿರಣಿಗಳ ಬೆಕ್ಕುಗಳು ಗಟ್ಟಿಮುಟ್ಟಾಗಿರುವುದು ಅಕ್ಕಿಯಿಂದಲ್ಲ.

ಎಲ್ಲಿ, ಯಾವ ಬೆಳಕಿನಲ್ಲಿ ನೋಡಬೇಕು

ಮೊದಲ ಲಕ್ಷಣಗಳು ಯಾವ ಕಾಯಿಲೆಗೂ ಹೊಂದುವಂಥವು: ಊಟ ಬಿಡುವುದು, ಮೂಲೆ ಹಿಡಿಯುವುದು, ಮೈ ನೆಕ್ಕಿಕೊಳ್ಳದೆ ಕೂದಲು ಜಡೆಗಟ್ಟುವುದು, ವಾಂತಿ, ತೂಕ ಇಳಿಯುವುದು. ಹೊಟ್ಟೆಯ ಕೆಳಗಿನ ಕೊಬ್ಬು ಹಾಗೆಯೇ ಜೋತಾಡುತ್ತಿರುವಾಗ ಬೆನ್ನುಮೂಳೆಯ ಎರಡೂ ಬದಿಯ ಮಾಂಸ ಕರಗಿ ಮೂಳೆ ಕೈಗೆ ಸಿಗುವುದು ಲಿಪಿಡೋಸಿಸ್ ಇರಬಹುದೆಂಬ ಸಂಶಯಕ್ಕೆ ಒಳ್ಳೆಯ ಆಧಾರ. ತಿನ್ನಬೇಕೆಂಬಂತೆ ತಟ್ಟೆಯ ಬಳಿ ಬಂದು, ಮೂಸಿ, ತುಟಿ ನೆಕ್ಕಿ, ಜೊಲ್ಲು ಸುರಿಸಿ ಹಿಂದೆ ಸರಿಯುವ ಬೆಕ್ಕಿಗೆ ಓಕರಿಕೆ ಇದೆ ಎಂದೇ ತಿಳಿಯಬೇಕು.

ಹಳದಿ ಬಣ್ಣವನ್ನು ಬಲ್ಬಿನ ಬೆಳಕಿನಲ್ಲಿ ಹುಡುಕಬಾರದು. ಬಲ್ಬಿನ ಹಳದಿಯಲ್ಲಿ ಆರೋಗ್ಯವಂತ ಬೆಕ್ಕೂ ಹಳದಿಯಾಗಿ ಕಾಣಬಹುದು, ನಿಜವಾದ ಹಳದಿಯೂ ಕಣ್ಣು ತಪ್ಪಿಸಬಹುದು. ಬೆಳಗಿನ ಹೊತ್ತು ಕಿಟಕಿಯ ಬಳಿ ಬೆಕ್ಕನ್ನು ತೊಡೆಯ ಮೇಲೆ ಕೂರಿಸಿಕೊಂಡು, ಹೆಬ್ಬೆರಳಿನಿಂದ ಮೇಲ್ದುಟಿಯನ್ನು ಮೆಲ್ಲಗೆ ಎತ್ತಿ ಕೋರೆಹಲ್ಲಿನ ಮೇಲಿನ ಒಸಡನ್ನು ನೋಡಬೇಕು. ಒಸಡನ್ನು ಬೆರಳಿನಿಂದ ಒತ್ತಿ ಬಿಟ್ಟಾಗ ರಕ್ತ ಮರಳುವ ಮುನ್ನ ಒಂದು ಕ್ಷಣ ಕಾಣುವ ಬಣ್ಣವೇ ಮುಖ್ಯ: ಆರೋಗ್ಯವಂತ ಬೆಕ್ಕಿನಲ್ಲಿ ಅದು ಬಿಳಿ, ಕಾಮಾಲೆಯಲ್ಲಿ ಹಳದಿ. ಬಳಿಕ ಮೇಲಿನ ಕಣ್ಣುರೆಪ್ಪೆಯನ್ನು ಎತ್ತಿ ಕಣ್ಣಿನ ಬಿಳಿಭಾಗವನ್ನೂ, ಕೂದಲು ವಿರಳವಾಗಿರುವ ಕಿವಿಯ ಒಳಭಾಗವನ್ನೂ, ಬಾಯಿ ತೆರೆಯಲು ಬಿಟ್ಟರೆ ಅಂಗುಳನ್ನೂ ನೋಡಬೇಕು. ಒಸಡು ಕಪ್ಪಾಗಿರುವ ಬೆಕ್ಕುಗಳಲ್ಲಿ ಅಂಗುಳ ಮತ್ತು ಕಣ್ಣುಗಳೇ ಗತಿ. ರಕ್ತದಲ್ಲಿ ಬಿಲಿರುಬಿನ್ ಪ್ರತಿ ಡೆಸಿಲೀಟರಿಗೆ ಸುಮಾರು 2 ಮಿಲಿಗ್ರಾಂ ದಾಟಿದ ಮೇಲೆಯೇ ಈ ಬಣ್ಣ ನಮ್ಮ ಕಣ್ಣಿಗೆ ಬೀಳುವುದರಿಂದ, ಹಳದಿ ಕಾಣದ ಮಾತ್ರಕ್ಕೆ ಯಕೃತ್ತು ಸರಿಯಿದೆ ಎನ್ನುವಂತಿಲ್ಲ.

ಮೂತ್ರವು ಅದಕ್ಕಿಂತ ಮೊದಲೇ ಸುಳಿವು ಕೊಡುತ್ತದೆ. ನಾಯಿಯ ಮೂತ್ರದಲ್ಲಿ ಅಲ್ಪಸ್ವಲ್ಪ ಬಿಲಿರುಬಿನ್ ಇದ್ದರೆ ಅದನ್ನು ಸಹಜವೆನ್ನಬಹುದು, ಬೆಕ್ಕಿನ ಮೂತ್ರದಲ್ಲಿ ಅದು ಇರಲೇಬಾರದು. ಮರಳಿನ ತಟ್ಟೆಯಲ್ಲಿ ಬಣ್ಣ ತಿಳಿಯುವುದಿಲ್ಲ. ಮಲಗುವ ಜಾಗದಲ್ಲಿ ಹಳೆಯ ಬಿಳಿ ಪಂಚೆಯ ತುಂಡನ್ನು ಹಾಸಿದರೆ ಕಲೆ ಅರಿಶಿನದಂತೆ ಕಟ್ಟಿದೆಯೇ ಎಂಬುದು ಗೊತ್ತಾಗುತ್ತದೆ. ಮಲ ಬೂದಿ ಅಥವಾ ಸುಣ್ಣದ ಬಣ್ಣಕ್ಕೆ ತಿರುಗಿದ್ದರೆ ಪಿತ್ತನಾಳ ಕಟ್ಟಿಕೊಂಡಿರಬಹುದು.

ಇನ್ನು ಕೆಲವು ಲಕ್ಷಣಗಳು ಕಂಡ ತಕ್ಷಣವೇ ಹೊರಡಬೇಕು, ಬೆಳಗಾಗುವವರೆಗೆ ಕಾಯಬಾರದು. ಗೋಡೆಗೆ ತಲೆ ಒತ್ತಿ ನಿಲ್ಲುವುದು, ಗುರಿಯಿಲ್ಲದೆ ಸುತ್ತುವುದು, ಮೂರ್ಛೆ ಇವೆಲ್ಲ ಯಕೃತ್ತು ಸೋಸಬೇಕಾದ ಅಮೋನಿಯಾ ಮಿದುಳಿಗೆ ಏರಿರುವುದರ ಗುರುತು. ತಲೆ ಎತ್ತಲಾರದೆ ಗದ್ದ ಎದೆಗೆ ತಾಗುವಂತೆ ಕುತ್ತಿಗೆ ಬಾಗಿದ್ದರೆ ಪೊಟ್ಯಾಸಿಯಂ ಅಥವಾ ಥಯಾಮಿನ್ (ವಿಟಮಿನ್ ಬಿ1) ಕುಸಿದಿರಬಹುದು. ಒಸಡಿನಿಂದ ಅಥವಾ ಸೂಜಿ ಚುಚ್ಚಿದ ಜಾಗದಿಂದ ರಕ್ತ ನಿಲ್ಲದಿರುವುದು, ಹೊಟ್ಟೆಯಲ್ಲಿ ನೀರು ತುಂಬಿ ಉಬ್ಬುವುದು ಇವೂ ಅದೇ ಸಾಲಿಗೆ ಸೇರುತ್ತವೆ.

ಎಲ್ಲ ಹಳದಿಯೂ ಒಂದೇ ಕಾರಣದ್ದಲ್ಲ

ಕಾಮಾಲೆ ಎಂಬುದು ಲಕ್ಷಣವೇ ಹೊರತು ಕಾಯಿಲೆಯ ಹೆಸರಲ್ಲ. ಒಸಡು ಹಳದಿಯಾಗಿರುವುದರ ಜೊತೆಗೆ ಸುಣ್ಣದಂತೆ ಬಿಳಿಚಿಕೊಂಡಿದ್ದರೆ ತೊಂದರೆ ಯಕೃತ್ತಿನದಲ್ಲ, ರಕ್ತದ್ದಿರಬಹುದು. ಚಿಗಟಗಳ ಮೂಲಕ ಹರಡಬಲ್ಲದೆಂದು ನಂಬಲಾದ ಮೈಕೋಪ್ಲಾಸ್ಮಾ ಎಂಬ ಸೂಕ್ಷ್ಮಾಣು ಕೆಂಪು ರಕ್ತಕಣಗಳನ್ನು ನಾಶಮಾಡಿದಾಗ ಹೀಗಾಗುತ್ತದೆ. ಈರುಳ್ಳಿ, ಬೆಳ್ಳುಳ್ಳಿ ಬೆರೆತ ಸಾರು ಅನ್ನವೂ ಬೆಕ್ಕಿನ ರಕ್ತಕಣಗಳನ್ನು ಒಡೆಯುತ್ತದೆ. ಕರುಳಿನ ಸೋಂಕು ಪಿತ್ತನಾಳಕ್ಕೆ ಏರಿ ಉರಿಯೂತವಾಗುವುದು ಸಾಮಾನ್ಯ. ಬೆಕ್ಕಿನಲ್ಲಿ ಮೇದೋಜೀರಕ ಗ್ರಂಥಿಯ ನಾಳವೂ ಪಿತ್ತನಾಳವೂ ಕೂಡಿ ಕರುಳಿಗೆ ತೆರೆದುಕೊಳ್ಳುವುದರಿಂದ ಒಂದರ ಕಾಯಿಲೆ ಇನ್ನೊಂದಕ್ಕೆ ಸುಲಭವಾಗಿ ಹಬ್ಬುತ್ತದೆ. ಬೆಚ್ಚಗಿನ ನಾಡುಗಳಲ್ಲಿ ಇನ್ನೊಂದು ಕಾರಣವಿದೆ: ಹಲ್ಲಿಯನ್ನು ತಿಂದ ಬೆಕ್ಕಿನ ಪಿತ್ತನಾಳದಲ್ಲಿ ಪ್ಲಾಟಿನೊಸೋಮಮ್ ಎಂಬ ಚಪ್ಪಟೆ ಹುಳು ನೆಲೆಸುತ್ತದೆ. ಇದಕ್ಕೆ ಕೊಡುವ ಔಷಧದ ಪ್ರಮಾಣ ಸಾಧಾರಣ ಜಂತುಹುಳದ ಮಾತ್ರೆಯದಕ್ಕಿಂತ ಬೇರೆ. ಆದ್ದರಿಂದ ಹುಳದ ಮಾತ್ರೆ ಕೊಟ್ಟಾಗಿದೆ ಎಂದು ಈ ಸಂಶಯವನ್ನು ಬದಿಗಿಡದೆ, ಬೆಕ್ಕು ಹಲ್ಲಿ ಹಿಡಿಯುವ ಅಭ್ಯಾಸದ್ದಾಗಿದ್ದರೆ ವೈದ್ಯರಿಗೆ ಕೇಳದಿದ್ದರೂ ಹೇಳಬೇಕು. ವೈರಾಣು ಕಾಯಿಲೆಗಳೂ ಗೆಡ್ಡೆಗಳೂ ಇವೆ. ಅವನ್ನು ಮನೆಯಲ್ಲಿ ಕುಳಿತು ಊಹಿಸಿ ಪ್ರಯೋಜನವಿಲ್ಲ.

ವಿಷಗಳ ಬಗ್ಗೆ ಮಾತ್ರ ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಅವು ನಮ್ಮ ಕೈಯಿಂದಲೇ ಹೋಗುತ್ತವೆ. ಜ್ವರಕ್ಕೆ ನಾವು ನುಂಗುವ ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ಅದನ್ನು ನಿರಪಾಯವಾಗಿ ಹೊರಹಾಕಲು ಬೇಕಾದ ಕಿಣ್ವದ ಕೊರತೆ ಬೆಕ್ಕಿನ ಯಕೃತ್ತಿನಲ್ಲಿ ಹುಟ್ಟಿನಿಂದಲೇ ಇರುವುದರಿಂದ ಒಂದೇ ಮಾತ್ರೆ ಪ್ರಾಣ ತೆಗೆಯಬಲ್ಲದು. ಒಸಡು ಕೆಸರಿನ ಬಣ್ಣಕ್ಕೆ ತಿರುಗುವುದು, ಮುಖ ಮತ್ತು ಪಾದಗಳು ಊದಿಕೊಳ್ಳುವುದು, ಏದುಸಿರು ಇದರ ಗುರುತುಗಳು. ಇದಕ್ಕೆ ಅಸಿಟೈಲ್‌ಸಿಸ್ಟೀನ್ ಎಂಬ ಮದ್ದಿದೆ, ಆದರೆ ಅದು ಕೆಲವೇ ಗಂಟೆಗಳಲ್ಲಿ ಬೆಕ್ಕಿನ ಮೈ ಸೇರಬೇಕು. ಹೀಗಾಗಿ ಮಾತ್ರೆ ಕೊಟ್ಟದ್ದನ್ನು ನಾಚಿಕೆಯಿಂದ ಮುಚ್ಚಿಡಬಾರದು. ನೆಲ ಒರೆಸುವ ಫಿನೈಲಿನಲ್ಲಿ ಫಿನಾಲ್ ಜಾತಿಯ ವಸ್ತುಗಳಿದ್ದರೆ ಅದೂ ಇದೇ ಕೊರತೆಯಿಂದ ಬೆಕ್ಕಿಗೆ ಅಪಾಯ: ಒದ್ದೆ ನೆಲದ ಮೇಲೆ ನಡೆದು ಪಾದ ನೆಕ್ಕಿಕೊಂಡರೂ ಸಾಕು. ನೆಲ ಆರುವವರೆಗೆ ಬೆಕ್ಕನ್ನು ಆ ಕೋಣೆಗೆ ಬಿಡಬಾರದು. ಬೂಸಲು ಹಿಡಿದ ಶೇಂಗಾ, ಮೆಕ್ಕೆಜೋಳಗಳಲ್ಲಿ ಬೆಳೆಯುವ ಅಫ್ಲಾಟಾಕ್ಸಿನ್ ನೇರವಾಗಿ ಯಕೃತ್ತನ್ನೇ ಹೊಡೆಯುತ್ತದೆ. ಮಳೆಗಾಲದಲ್ಲಿ ಬಾಯಿ ತೆರೆದಿಟ್ಟ ಚೀಲದ ಒಣ ಆಹಾರ ಮುಗ್ಗಿದ್ದರೆ ಬಿಸಾಡಬೇಕು. ಕಾಮಣಿ ಔಷಧ, ನೆಲನೆಲ್ಲಿ ರಸ, ಮನುಷ್ಯರ ಲಿವರ್ ಟಾನಿಕ್ಕುಗಳನ್ನು ವೈದ್ಯರ ಮಾತಿಲ್ಲದೆ ಕೊಡಬಾರದು ಎಂಬುದನ್ನು ಬೇರೆಯಾಗಿ ಹೇಳಬೇಕಿಲ್ಲ.

ದವಾಖಾನೆಗೆ ಒಯ್ಯುವಾಗ

ಬೆಕ್ಕಿನ ಪೆಟ್ಟಿಗೆ ಇಲ್ಲದವರು ತರಕಾರಿ ಸಾಗಿಸುವ ಎರಡು ಪ್ಲಾಸ್ಟಿಕ್ ಕ್ರೇಟುಗಳನ್ನು ಒಂದರ ಮೇಲೊಂದು ಬೋರಲಾಗಿ ಮುಚ್ಚಿ ನಾಲ್ಕು ಮೂಲೆಗೆ ಹಗ್ಗ ಬಿಗಿದರೆ ಸಾಕು. ಗೋಣಿಚೀಲದಲ್ಲಿ ಕಟ್ಟಿ ಒಯ್ಯುವುದು ಬೇಡ. ಏಪ್ರಿಲ್, ಮೇ ತಿಂಗಳುಗಳಲ್ಲಿ ನಮ್ಮ ಮೂರೂ ಜಿಲ್ಲೆಗಳಲ್ಲಿ ಬಿಸಿಲು 40 ಡಿಗ್ರಿ ದಾಟುವುದರಿಂದ, ಜೀವಕ್ಕೆ ತಕ್ಷಣದ ಅಪಾಯವಿಲ್ಲದಿದ್ದರೆ ಬೆಳಗಿನ ತಂಪಿನಲ್ಲೇ ಹೊರಡಬೇಕು. ಕೊನೆಯ ಬಾರಿ ತಿಂದದ್ದು ಯಾವಾಗ, ಏನು, ಎಷ್ಟು. ವಾಂತಿ ಎಷ್ಟು ಸಲ. ಮನೆಯಲ್ಲಿ ಯಾವ ಮಾತ್ರೆ ಕೊಟ್ಟಿರಿ ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗುವುದು ಒಳ್ಳೆಯದು, ಏಕೆಂದರೆ ದನಗಳ ಸಾಲಿನ ನಡುವೆ ಬೆಕ್ಕನ್ನು ಹಿಡಿದು ನಿಂತಾಗ ಅರ್ಧ ಮರೆತುಹೋಗುತ್ತದೆ. ಪಶುಪಾಲನಾ ಇಲಾಖೆಯ 1962 ಸಂಖ್ಯೆಯ ಸಂಚಾರಿ ವಾಹನ ಮುಖ್ಯವಾಗಿ ದನಕರುಗಳಿಗಾಗಿ ಇರುವ ವ್ಯವಸ್ಥೆಯಾದರೂ ಹತ್ತಿರ ಯಾರನ್ನು ಕಾಣಬೇಕೆಂದು ಕೇಳಲು ಆ ಸಂಖ್ಯೆಯನ್ನು ಬಳಸಬಹುದು. ಸ್ಕ್ಯಾನಿಂಗ್ ಅಥವಾ ಊಟ ಕೊಡುವ ಕೊಳವೆ ಅಳವಡಿಸುವ ಸೌಲಭ್ಯ ಊರಿನಲ್ಲಿ ಸಿಗದಿದ್ದರೆ ಕೊಪ್ಪಳದವರಿಗೆ ಸುಮಾರು 60 ಕಿಲೋಮೀಟರ್ ದೂರದ ಗದಗಿನಲ್ಲಿ ಪಶುವೈದ್ಯಕೀಯ ಕಾಲೇಜಿದೆ, ರಾಯಚೂರಿನವರಿಗೆ ಹೈದರಾಬಾದ್, ಬಳ್ಳಾರಿಯವರಿಗೆ ಬೆಂಗಳೂರು ರೂಢಿಯ ದಾರಿ. ಫೋನ್ ಮಾಡಿ ವಿಚಾರಿಸದೆ ಹೊರಡಬಾರದು.

ರಕ್ತಪರೀಕ್ಷೆಯ ಬಗ್ಗೆ ಒಂದು ಎಚ್ಚರಿಕೆ ಅಗತ್ಯ. ನಮ್ಮಲ್ಲಿ ಬೆಕ್ಕಿನ ರಕ್ತ ಎಷ್ಟೋ ಸಲ ಮನುಷ್ಯರ ಲ್ಯಾಬಿಗೇ ಹೋಗುತ್ತದೆ. ಯಕೃತ್ತಿನ ಸ್ಥಿತಿ ತಿಳಿಸುವ ಎಸ್‌ಜಿಪಿಟಿ, ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವಗಳ ಮತ್ತು ಬಿಲಿರುಬಿನ್‌ನ ಅಂಕಿಗಳು ಅಲ್ಲಿಯೂ ಸಿಗುತ್ತವೆ, ಆದರೆ ಪಕ್ಕದಲ್ಲಿ ಅಚ್ಚಾಗಿರುವ ‘ಸಹಜ ಮಿತಿ’ ಮನುಷ್ಯರದು. ಮನುಷ್ಯರಲ್ಲಿ ಬಿಲಿರುಬಿನ್ 1 ಇದ್ದರೆ ಯಾರೂ ಗಾಬರಿಯಾಗುವುದಿಲ್ಲ. ಬೆಕ್ಕಿನಲ್ಲಿ ಅದು ಸಾಮಾನ್ಯವಾಗಿ ಅರ್ಧಕ್ಕಿಂತ ಕಡಿಮೆ ಇರುತ್ತದೆ. ಆಲ್ಕಲೈನ್ ಫಾಸ್ಫಟೇಸ್ ನಾಯಿಯ ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು 3 ದಿನ ಹಿಡಿದರೆ ಬೆಕ್ಕಿನಲ್ಲಿ ಸುಮಾರು 6 ಗಂಟೆ ಸಾಕು. ಹಾಗಾಗಿ ಬೆಕ್ಕಿನಲ್ಲಿ ಅದರ ಸಣ್ಣ ಏರಿಕೆಗೂ ಅರ್ಥವಿದೆ. ಲಿಪಿಡೋಸಿಸ್‌ನಲ್ಲಿ ಇದು ತುಂಬ ಏರಿದ್ದು ಜಿಜಿಟಿ ಎಂಬ ಇನ್ನೊಂದು ಕಿಣ್ವ ಮಾತ್ರ ಅಷ್ಟಾಗಿ ಏರದಿರುವುದು ವೈದ್ಯರಿಗೆ ಒಂದು ಒಳ್ಳೆಯ ಸುಳಿವು. ಲ್ಯಾಬಿನವರು ‘ನಾರ್ಮಲ್’ ಎಂದು ಬರೆದುಕೊಟ್ಟದ್ದನ್ನು ಓದಿ ಮನೆಗೆ ಮರಳದೆ ವರದಿಯನ್ನು ಪಶುವೈದ್ಯರಿಗೇ ತೋರಿಸಬೇಕು.

‘ಒಂದು ಗ್ಲೂಕೋಸ್ ಹಾಕಿಬಿಡಿ, ಚೇತರಿಸಿಕೊಳ್ಳುತ್ತದೆ’ ಎಂದು ನಾವೇ ವೈದ್ಯರನ್ನು ಒತ್ತಾಯಿಸುವುದುಂಟು. ಶೇ. 5ರ ಅರ್ಧ ಲೀಟರ್ ಬಾಟಲಿಯಲ್ಲಿರುವುದು 25 ಗ್ರಾಂ ಸಕ್ಕರೆ, ಸರಿಸುಮಾರು ನೂರು ಕ್ಯಾಲರಿಗಿಂತ ಕಡಿಮೆ. ಪ್ರೋಟೀನ್ ಒಂದು ಕಣವೂ ಇಲ್ಲ. ಸಲೈನ್ ಬೇಕಾಗುವುದು ನೀರಿನಂಶಕ್ಕೆ ಮತ್ತು ಪೊಟ್ಯಾಸಿಯಂ ತುಂಬಲು. ಅದು ಊಟವಲ್ಲ, ಲಿಪಿಡೋಸಿಸ್‌ನಲ್ಲಿ ಗ್ಲೂಕೋಸ್ ಡ್ರಿಪ್ಪನ್ನು ಸಾಮಾನ್ಯವಾಗಿ ದೂರವಿಡುತ್ತಾರೆ ಕೂಡ.

ಊಟವೇ ಔಷಧ

ಸುಮಾರು 4 ಕಿಲೋ ತೂಕದ ಬೆಕ್ಕಿಗೆ ವಿಶ್ರಾಂತಿಯಲ್ಲಿ ದಿನಕ್ಕೆ ಹೆಚ್ಚುಕಡಿಮೆ 200 ಕ್ಯಾಲರಿ ಬೇಕು. ಎಲುಬಿಲ್ಲದ ಬೇಯಿಸಿದ ಕೋಳಿ ಎದೆಮಾಂಸದ ಲೆಕ್ಕದಲ್ಲಿ ಇದು 120ರಿಂದ 130 ಗ್ರಾಂ. ಆದರೆ ಐದಾರು ದಿನ ಉಪವಾಸವಿದ್ದ ಬೆಕ್ಕಿಗೆ ಮೊದಲ ದಿನವೇ ಅಷ್ಟನ್ನೂ ತಿನ್ನಿಸಿದರೆ ರಕ್ತದ ಫಾಸ್ಫರಸ್ ಮತ್ತು ಪೊಟ್ಯಾಸಿಯಂ ಒಮ್ಮೆಲೇ ಕುಸಿದು ಪ್ರಾಣಕ್ಕೆ ಅಪಾಯವಾಗುತ್ತದೆ. ಮೊದಲ ದಿನ ಕಾಲು ಭಾಗ, ಹೆಚ್ಚೆಂದರೆ ಮೂರನೇ ಒಂದು ಭಾಗ. ಅಲ್ಲಿಂದ ಮೂರು ನಾಲ್ಕು ದಿನಗಳಲ್ಲಿ ಪೂರ್ತಿ ಪ್ರಮಾಣಕ್ಕೆ ಏರಿಸಬೇಕು. ದಿನದ ಪಾಲನ್ನು ಐದಾರು ಹೊತ್ತಿಗೆ ಹಂಚಿ ಕೊಡಬೇಕು. ಬೆಕ್ಕಿಗೆಂದೇ ಮಾಡಿದ ಮೆತ್ತನೆಯ ಪೌಚ್ ಆಹಾರ ಸಿಕ್ಕರೆ ಅದೇ ಉತ್ತಮ, ಏಕೆಂದರೆ ಬರೀ ಕೋಳಿಮಾಂಸ ಕೆಲವು ದಿನಗಳ ಮಟ್ಟಿಗೆ ಮಾತ್ರ ಸಾಕು. ಮಾಂಸವನ್ನು ಈರುಳ್ಳಿ, ಬೆಳ್ಳುಳ್ಳಿ, ಉಪ್ಪು, ಖಾರ ಯಾವುದೂ ಇಲ್ಲದೆ ಬೇಯಿಸಿ, ಅದೇ ನೀರಿನಲ್ಲಿ ಮಿಕ್ಸರಿನಲ್ಲಿ ನುಣ್ಣಗೆ ರುಬ್ಬಿ, ಉಗುರುಬೆಚ್ಚಗೆ ಮಾಡಿ ಕೊಡಬೇಕು. ಬೆಚ್ಚಗಿದ್ದರೆ ವಾಸನೆ ಏಳುತ್ತದೆ, ಮೂಗಿಗೆ ಹಿಡಿಸಿದರೆ ಬಾಯಿ ತೆರೆಯುತ್ತದೆ. ಮಾಂಸ ಮುಟ್ಟದ ಮನೆಗಳಲ್ಲಿ ಈ ಕೆಲಸವನ್ನು ನೆರೆಯವರಿಗೆ ಒಪ್ಪಿಸಿದ್ದನ್ನು ನಾನು ನೋಡಿದ್ದೇನೆ, ಅದರಲ್ಲಿ ಮುಜುಗರಪಡುವಂಥದ್ದೇನೂ ಇಲ್ಲ. ಅಮೋನಿಯಾ ಮಿದುಳಿಗೇರಿದ ಲಕ್ಷಣಗಳಿದ್ದರೆ ಮಾತ್ರ ಪ್ರೋಟೀನ್ ಎಷ್ಟು ಎಂಬುದನ್ನು ವೈದ್ಯರು ನಿರ್ಧರಿಸಬೇಕು.

ಸಿರಿಂಜಿನಿಂದ ತಿನ್ನಿಸುವಾಗ ಬೆಕ್ಕನ್ನು ಅಂಗಾತ ಮಲಗಿಸಬಾರದು, ತಲೆಯನ್ನು ಮೇಲಕ್ಕೆತ್ತಲೂ ಬಾರದು. ಸಹಜವಾಗಿ ಕುಳಿತ ಬೆಕ್ಕಿನ ಕೋರೆಹಲ್ಲಿನ ಹಿಂದೆ ಕೆನ್ನೆಯ ಸಂದಿನಲ್ಲಿ ಸೂಜಿಯಿಲ್ಲದ ಸಿರಿಂಜಿನ ತುದಿಯನ್ನಿಟ್ಟು ಒಂದು ಸಲಕ್ಕೆ ಅರ್ಧದಿಂದ ಒಂದು ಎಂಎಲ್ ಬಿಟ್ಟು, ಅದು ನುಂಗುವುದನ್ನು ನೋಡಿದ ಮೇಲೆಯೇ ಮುಂದಿನ ಗುಟುಕು. ಅವಸರಪಟ್ಟರೆ ಆಹಾರ ಶ್ವಾಸಕೋಶಕ್ಕೆ ಇಳಿಯುತ್ತದೆ. ಬೆಕ್ಕು ಒದ್ದಾಡಿ ಜೊಲ್ಲು ಸುರಿಸಿದರೆ ಅಲ್ಲಿಗೇ ನಿಲ್ಲಿಸಬೇಕು. ಬಲವಂತಕ್ಕೆ ಸಿಕ್ಕ ಬೆಕ್ಕು ಆ ಆಹಾರವನ್ನು ಗುಣವಾದ ಮೇಲೂ ಮೂಸದಿರಬಹುದು.

ಕೊಳವೆಗೆ ಹೆದರಬಾರದು ಎಂಬುದೇ ಈ ಬರಹದಲ್ಲಿ ನಾನು ಒತ್ತಿ ಹೇಳಬೇಕಾದ ಮಾತು. ಮೂಗಿನ ಮೂಲಕ ಇಳಿಸುವ ತೆಳು ಕೊಳವೆ ಕೆಲವು ದಿನಗಳಿಗೆ, ಅದರಲ್ಲಿ ನೀರಿನಂತಹ ಆಹಾರ ಮಾತ್ರ ಹೋಗುತ್ತದೆ. ಕುತ್ತಿಗೆಯ ಬದಿಯಿಂದ ಅನ್ನನಾಳಕ್ಕೆ ಹಾಕುವ ಕೊಳವೆಗೆ ಸ್ವಲ್ಪ ಹೊತ್ತಿನ ಅರಿವಳಿಕೆ ಬೇಕಾದರೂ ರುಬ್ಬಿದ ಆಹಾರವನ್ನು ವಾರಗಟ್ಟಲೆ ಕೊಡಬಹುದು. ಅದಕ್ಕೆ ಮೊದಲು ರಕ್ತ ಹೆಪ್ಪುಗಟ್ಟುವಿಕೆ ಸರಿಯಿದೆಯೇ ಎಂದು ನೋಡಿ ವಿಟಮಿನ್ ಕೆ ಕೊಡುತ್ತಾರೆ. ಸಣ್ಣಿಯ ಕುತ್ತಿಗೆಯಲ್ಲಿ ಕೊಳವೆ ಕಂಡ ನಮ್ಮವ್ವ ಮೊದಲ ದಿನ ಆ ಕೋಣೆಗೇ ಬರಲಿಲ್ಲ. ಮೂರನೆಯ ದಿನದಿಂದ ನಾಲ್ಕು ಗಂಟೆಯ ಊಟ ಅವರದೇ ಪಾಳಿಯಾಯಿತು. ಮೊದಲು 5 ಎಂಎಲ್ ನೀರು, ಬಳಿಕ ಹತ್ತು ಹದಿನೈದು ನಿಮಿಷ ನಿಧಾನವಾಗಿ ಆಹಾರ, ಕೊನೆಗೆ ಮತ್ತೆ 5 ಎಂಎಲ್ ನೀರು. ಕೊನೆಯ ನೀರನ್ನು ಮರೆತರೆ ಕೊಳವೆ ಕಟ್ಟಿಕೊಳ್ಳುತ್ತದೆ. ನೀರು ಬಿಟ್ಟಾಗ ಬೆಕ್ಕು ಕೆಮ್ಮಿದರೆ ಮುಂದುವರಿಸದೆ ವೈದ್ಯರಿಗೆ ತಿಳಿಸಬೇಕು. ಚುಚ್ಚಿದ ಜಾಗದ ಬಟ್ಟೆಯನ್ನು ದಿನಾಲೂ ಬಿಚ್ಚಿ, ಕೀವು, ವಾಸನೆ ಇದೆಯೇ ಎಂದು ನೋಡಬೇಕು. ವಾಂತಿಯಾದರೆ ಒಂದು ಹೊತ್ತು ತಡೆದು, ಮುಂದಿನ ಸಲ ಪ್ರಮಾಣ ತಗ್ಗಿಸಿ ಇನ್ನೂ ನಿಧಾನವಾಗಿ ಕೊಡಬೇಕು. ಊಟವನ್ನು ದಿನಗಟ್ಟಲೆ ನಿಲ್ಲಿಸಬಾರದು. ಓಕರಿಕೆ ತಡೆಯುವ ಔಷಧ, ಪಿತ್ತ ಹರಿಯಲು ಅರ್ಸೋಡಿಆಕ್ಸಿಕೋಲಿಕ್ ಆಮ್ಲ, ಸೋಂಕಿದ್ದರೆ ಆಂಟಿಬಯಾಟಿಕ್ ಇವುಗಳ ನಿರ್ಧಾರ ವೈದ್ಯರದು; ಪಿತ್ತನಾಳ ಪೂರ್ತಿ ಕಟ್ಟಿಕೊಂಡಿರುವಾಗ ಅರ್ಸೋಡಿಆಕ್ಸಿಕೋಲಿಕ್ ಆಮ್ಲ ಕೊಡಬಾರದು.

ಹಳದಿ ಒಂದೆರಡು ದಿನಗಳಲ್ಲಿ ಇಳಿಯುವುದಿಲ್ಲ. ಮೊದಲ ವಾರದಲ್ಲಿ ಬಣ್ಣಕ್ಕಿಂತ ತೂಕವನ್ನೂ ಚಟುವಟಿಕೆಯನ್ನೂ ನೋಡಬೇಕು. ಬೆಕ್ಕನ್ನು ಎತ್ತಿಕೊಂಡು ತಕ್ಕಡಿಯ ಮೇಲೆ ನಿಂತು ನಮ್ಮ ತೂಕವನ್ನು ಕಳೆದರೆ ಲೆಕ್ಕ ಸಿಗುತ್ತದೆ. ಕೊಳವೆ ಸಾಮಾನ್ಯವಾಗಿ ಮೂರರಿಂದ ಆರು ವಾರ ಇರುತ್ತದೆ, ಕೆಲವೊಮ್ಮೆ ಇನ್ನೂ ಹೆಚ್ಚು. ಅದು ಇರುವಾಗಲೇ ದಿನಕ್ಕೊಮ್ಮೆ ತಟ್ಟೆಯಲ್ಲಿ ಚೂರು ಆಹಾರವಿಟ್ಟು, ಹತ್ತು ನಿಮಿಷದಲ್ಲಿ ಮುಟ್ಟದಿದ್ದರೆ ಒತ್ತಾಯಿಸದೆ ತೆಗೆದುಬಿಡಬೇಕು. ತಾನಾಗಿ ಹೊಟ್ಟೆ ತುಂಬ ತಿನ್ನತೊಡಗಿ ಹಲವು ದಿನಗಳಾದ ಮೇಲೆ, ತೂಕ ಇಳಿಯುತ್ತಿಲ್ಲವೆಂದು ಖಚಿತವಾದಾಗ ಕೊಳವೆ ತೆಗೆಸುತ್ತಾರೆ. ಆಮೇಲೆ ದಪ್ಪ ಬೆಕ್ಕನ್ನು ಇಳಿಸಬೇಕೆಂದಿದ್ದರೆ ವಾರಕ್ಕೆ ಅದರ ತೂಕದ ಶೇ. 1ರಿಂದ 2ಕ್ಕಿಂತ ಹೆಚ್ಚು ಇಳಿಯದಂತೆ ನೋಡಿಕೊಳ್ಳಬೇಕು. ಸಣ್ಣಿ ಇಪ್ಪತ್ತಾರನೆಯ ದಿನ ಅವ್ವನ ಕೈಯಿಂದ ಬೇಯಿಸಿದ ಮೀನಿನ ಚೂರನ್ನು ಕಿತ್ತುಕೊಂಡಿತು. ಮರುವರ್ಷ ಜಾತ್ರೆಯ ನೆಂಟರು ಬರುವ ಹಿಂದಿನ ದಿನವೇ ಅದರ ತಟ್ಟೆ, ನೀರು, ಮರಳಿನ ಬುಟ್ಟಿಯನ್ನು ಅಟ್ಟಕ್ಕೆ ಏರಿಸಿ, ಓಣಿಯ ಬೆಕ್ಕು ಬರುವ ಕಿಂಡಿಗೆ ಹಲಗೆ ಬಡಿದೆ.